ಡಿಪೋ ಹಿಂಬಾಗಿಲ ಬೆಕ್ಕುಗಳು

ಫೆಬ್ರವರಿ ೨, ಸೋಮವಾರ

ನಿವೃತ್ತನಾದ ದಿನ ಬಸ್ ಡಿಪೋದವರು ಹಾರದ ಜೊತೆಗೆ ಈ ಡೈರಿ ಕೊಟ್ಟಿದ್ದರು. ಜನವರಿಯ ಮೂವತ್ತೊಂದು ಪುಟಗಳೂ ಖಾಲಿ. ಬರೆಯಲು ಏನಿತ್ತು? ಎದ್ದೆ, ಪೇಪರ್ ಓದಿದೆ, ಹೆಂಡತಿಯ ಕಾಲಿಗೆ ಅಡ್ಡ ಸಿಕ್ಕಿದೆ, ಬೈಸಿಕೊಂಡೆ, ಮಲಗಿದೆ.

ಇವತ್ತು ಬರೆಯುವಂಥದ್ದು ನಡೆದಿದೆ. ಬೆಳಿಗ್ಗೆ ಆರು ಇಪ್ಪತ್ತಕ್ಕೆ ಅವಳು ಬೆಕ್ಕಿನ ತಿನಿಸಿನ ಚೀಲ ಹಿಡಿದುಕೊಂಡು ಮೆಟ್ಟಿಲಿಳಿಯುವಾಗ ಜಾರಿ ಬಿದ್ದಳು. ಬಲಗಾಲಿನ ಮೂಳೆ ಮುರಿದಿದೆ. ಮಂಡಿಯವರೆಗೆ ಪ್ಲಾಸ್ಟರ್. ಆರು ವಾರ ಕಾಲು ನೆಲಕ್ಕೆ ಊರುವಂತಿಲ್ಲ. ಎಕ್ಸ್‌ರೇ ಕೋಣೆಯಿಂದ ಹೊರಗೆ ಬಂದಾಗ ನೋವಿನಿಂದ ಮುಖ ಕಿವುಚಿಕೊಂಡೇ ಕೇಳಿದ ಮೊದಲ ಮಾತು:

"ರೀ, ನಾಳೆ ಬೆಕ್ಕುಗಳಿಗೆ ಯಾರು ಹಾಕ್ತಾರೆ?"

ಅವಳು ಬೀದಿ ಬೆಕ್ಕುಗಳಿಗೆ ಊಟ ಹಾಕುತ್ತಾಳೆಂದು ಗೊತ್ತಿತ್ತು. ಎಲ್ಲಿ ಎಂದು ಕೇಳಿದಾಗಲೆಲ್ಲ "ಆ ಕಡೆ" ಎಂದು ಕೈ ತೋರಿಸಿ ಸುಮ್ಮನಾಗುತ್ತಿದ್ದಳು. ಆ ಕಡೆ ಎಂದರೆ ನಮ್ಮ ಡಿಪೋದ ಹಿಂಬಾಗಿಲು ಎಂದು ಇವತ್ತು ತಿಳಿಯಿತು. ಮೂವತ್ತೊಂದು ವರ್ಷ ನಾನು ಟೈಮ್‌ಕೀಪರ್ ಆಗಿದ್ದ ಡಿಪೋ! ಅಲ್ಲಿ ಬೆಕ್ಕುಗಳ ಕಾಟ ಹೆಚ್ಚಾಯಿತೆಂದು 'ಇಲ್ಲಿ ಪ್ರಾಣಿಗಳಿಗೆ ಆಹಾರ ಹಾಕಬಾರದು' ಎಂಬ ಬೋರ್ಡು ಹಾಕಿಸಿದ್ದೇ ನಾನು.

"ಒಂಬತ್ತು ವರ್ಷದಿಂದ ಹಾಕ್ತಿದ್ದೀನಿ. ನಿಮ್ಮ ಬೋರ್ಡ್ ಹಿಂದೇನೇ ಬಟ್ಟಲು ಇಡೋದು. ನೆರಳಿರುತ್ತಲ್ಲ" ಎಂದಳು.

ಫೆಬ್ರವರಿ ೩, ಮಂಗಳವಾರ

ಆರೂವರೆಗೆ ಹೋದೆ. ಗೇಟಿನ ಕಾವಲುಗಾರ ಅಭ್ಯಾಸಬಲದಿಂದ ಸೆಲ್ಯೂಟ್ ಹೊಡೆದ. ಆಮೇಲೆ ನನ್ನ ಕೈಯಲ್ಲಿದ್ದ ಬಟ್ಟಲುಗಳನ್ನು ನೋಡಿ ಮುಖ ಅತ್ತ ತಿರುಗಿಸಿದ. ಅವನ ಭುಜ ಕುಲುಕುವುದು ಹಿಂದಿನಿಂದಲೂ ಕಾಣುತ್ತಿತ್ತು. ನಾಳೆಯೊಳಗೆ ಡ್ರೈವರುಗಳಿಗೆಲ್ಲ ಸುದ್ದಿ ಮುಟ್ಟುತ್ತದೆ.

ಹದಿನಾಲ್ಕು ಬೆಕ್ಕು ಇವೆಯೆಂದು ಹೇಳಿದ್ದಳು. ಬಂದದ್ದು ಮೂರು. ಇಪ್ಪತ್ತು ನಿಮಿಷ ನಿಂತೇ ಇದ್ದೆ. ಗುಜರಿಗೆ ಹಾಕಿದ ಬಸ್ಸುಗಳ ಕೆಳಗಿನಿಂದ ಕಣ್ಣುಗಳು ಮಾತ್ರ ಕಾಣುತ್ತಿದ್ದವು. ಮನೆಗೆ ಬಂದು, ನಿನ್ನ ಬೆಕ್ಕುಗಳಿಗೆ ಶಿಸ್ತಿಲ್ಲ ಎಂದೆ.

"ಎದುರಿಗೆ ನಿಂತ್ಕೊಂಡು ಹಾಜರಿ ತಗೊಂಡ್ರೆ ಯಾರು ಬರ್ತಾರೆ? ಕೂತ್ಕೊಳ್ಳಿ. ಬೇರೆ ಎಲ್ಲಿಗಾದ್ರೂ ನೋಡ್ತಿರಿ."

ಫೆಬ್ರವರಿ ೪, ಬುಧವಾರ

ಕೂತೆ. ಆಕಾಶ ನೋಡಿದೆ. ಆರು ಬಂದವು.

ಫೆಬ್ರವರಿ ೮, ಭಾನುವಾರ

ಹನ್ನೊಂದು. ಪ್ರತಿಯೊಂದಕ್ಕೂ ಅವಳು ಇಟ್ಟ ಹೆಸರಿದೆ. ದಪ್ಪ ಕತ್ತಿನ ಮುದಿಯ ದೊಡ್ಡಣ್ಣ. ಮೂಗಿನ ಒಂದೇ ಪಕ್ಕದಲ್ಲಿ ಕಪ್ಪು ಮಚ್ಚೆಯಿರುವ ಅರೆಮೀಸೆ. ಎಲ್ಲರೂ ತಿಂದು ಮುಗಿಸುವವರೆಗೆ ಕೂತು ನೋಡಿ ಕೊನೆಗೆ ತಿನ್ನುವ ಗುಮಾಸ್ತ. ಮೈಯೆಲ್ಲ ಕಪ್ಪಾಗಿರುವ ಮಸಿ. ಇವಳೊಬ್ಬಳು ದಿನವೂ ಎಲ್ಲರಿಗಿಂತ ತಡ. ಏಳಕ್ಕೆ ಐದು ನಿಮಿಷ ಇರುವಾಗ ಬರುತ್ತಾಳೆ, ಗಬಗಬನೆ ತಿನ್ನುತ್ತಾಳೆ, ಬಾಯಿ ಒರೆಸಿಕೊಳ್ಳುವಷ್ಟೂ ವ್ಯವಧಾನವಿಲ್ಲದೆ ಓಡುತ್ತಾಳೆ. ನನ್ನ ಕಾಲದಲ್ಲಾಗಿದ್ದರೆ ಇಂಥವರಿಗೆ ಮೂರು ದಿನಕ್ಕೊಂದು ಮೆಮೋ.

ಎಡಗಿವಿಯ ತುದಿ ಕತ್ತರಿಸಿದ್ದರೆ ಆ ಬೆಕ್ಕಿಗೆ ಮರಿಯಾಗದ ಹಾಗೆ ಆಪರೇಷನ್ ಆಗಿದೆ ಎಂದರ್ಥವಂತೆ. ಪ್ರಜ್ಞೆ ತಪ್ಪಿಸಿರುವಾಗಲೇ ಕತ್ತರಿಸುವುದರಿಂದ ನೋವಾಗುವುದಿಲ್ಲವಂತೆ. ದೂರದಿಂದಲೇ ಗುರುತು ಸಿಗುತ್ತದೆ. ಹದಿನಾಲ್ಕರಲ್ಲಿ ಹನ್ನೊಂದಕ್ಕೆ ಆಗಿದೆ. ಉಳಿದಿರುವವರು ಮಸಿ, ಹೊಸದಾಗಿ ಸೇರಿರುವ ಒಂದು ಕೆಂಚು ಗಂಡು, ಮತ್ತು ಉದ್ದ ಕೂದಲಿನ ಒಂದು ಎಳೆಯ ಬೆಕ್ಕು. ಅದರ ಬಾಲ ನೋಡಿ ಪೊರಕೆ ಎಂದು ನಾನೇ ಹೆಸರಿಟ್ಟೆ. ಹೆಂಡತಿ ಒಪ್ಪಿದಳು.

ಸಂಜೆ ಔಷಧದಂಗಡಿಯವನು ಮನೆಗೆ ಬಂದಿದ್ದ. ಇವಳ ಜೊತೆ ಬೆಕ್ಕು ಹಿಡಿಯುವ ಕೆಲಸ ಮಾಡುವವನು ಅವನೇ. ಇವಳನ್ನು ಅಕ್ಕಾ ಎನ್ನುತ್ತಾನೆ, ನನ್ನನ್ನು ಸರ್ ಎನ್ನುತ್ತಾನೆ. ಪಶುವೈದ್ಯೆ ಹದಿನೇಳಕ್ಕೆ ಎರಡು ಬೆಕ್ಕಿಗೆ ಜಾಗ ಕೊಟ್ಟಿದ್ದಾರಂತೆ. ಅದು ತಪ್ಪಿದರೆ ಮತ್ತೆ ಒಂದು ತಿಂಗಳು ಕಾಯಬೇಕು. ನಾನು ಬರುತ್ತೇನೆ ಎಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು.

ಫೆಬ್ರವರಿ ೧೬, ಸೋಮವಾರ

ನಾಳೆ ಬೋನು ಇಡುವುದರಿಂದ ಇವತ್ತು ಊಟವಿಲ್ಲ. ಹೊಟ್ಟೆ ತುಂಬಿದ್ದರೆ ಬೆಕ್ಕು ಬೋನಿನೊಳಗೆ ಕಾಲಿಡುವುದಿಲ್ಲ. ಆದರೂ ಆರೂವರೆಗೆ ಕಾಲು ತಾನಾಗಿ ಅತ್ತ ಹೋಯಿತು. ಗುಮಾಸ್ತ ಖಾಲಿ ನೆಲದ ಮುಂದೆ ಕೂತು ನನ್ನನ್ನು ನೋಡಿದ. ನಾನು ಬೇಗ ತಿರುಗಿಬಿಟ್ಟೆ.

ರಾತ್ರಿಯ ಊಟಕ್ಕೆ ಕೂತಾಗ ಹೆಂಡತಿ ಪಾಠ ಹೇಳಿದಳು. ಬೋನಿನ ಒಳಗಡೆ ಮೀನಿಡಬೇಕು. ಬಾಗಿಲು ಬಿದ್ದ ತಕ್ಷಣ ಬೆಡ್‌ಶೀಟ್ ಹೊದಿಸಬೇಕು, ಕತ್ತಲಾದರೆ ಬೆಕ್ಕು ಸುಮ್ಮನಾಗುತ್ತದೆ.

"ಆದ್ರೆ ಹೆಣ್ಣಾದ್ರೆ ಹೊದಿಸೋಕೆ ಮುಂಚೆ ಹೊಟ್ಟೆ ನೋಡಿ. ಬೋನು ಒಂದು ಕಡೆ ಎತ್ತಿದ್ರೆ ಅದು ಎದ್ದು ನಿಲ್ಲುತ್ತೆ, ಆಗ ಕಾಣುತ್ತೆ. ಮೊಲೆ ಉಬ್ಬಿದ್ರೆ ಎಲ್ಲೋ ಮರಿ ಇವೆ ಅಂತ. ಬಿಟ್ಟುಬಿಡಬೇಕು. ಗೊತ್ತಾಯ್ತಾ?"

ಗೊತ್ತಾಯ್ತು ಎಂದೆ. ದಿನಕ್ಕೆ ಇನ್ನೂರು ಬಸ್ಸು ಹೊರಡಿಸಿದವನಿಗೆ ಒಂದು ಬೆಕ್ಕು ಯಾವ ಮಹಾ ಲೆಕ್ಕ.

ಫೆಬ್ರವರಿ ೧೭, ಮಂಗಳವಾರ

ಮೊದಲ ಸಲಕ್ಕೇ ಹಿಡಿದೆ! ಔಷಧದಂಗಡಿಯವನು ಕೆಂಚನಿಗಾಗಿ ಗೋಡೆಯ ಆಚೆ ಬದಿಗೆ ಹೋಗಿದ್ದ. ಈಚೆ ನಾನೊಬ್ಬನೇ. ಏಳು ಮೂರಕ್ಕೆ ಬೋನಿಟ್ಟೆ, ಏಳು ಹನ್ನೆರಡಕ್ಕೆ ಬಾಗಿಲು ಟಪ್ಪೆಂದು ಬಿತ್ತು. ಮಸಿ. ಒಂಬತ್ತೇ ನಿಮಿಷ. ಬೋನಿನೊಳಗೆ ಅವಳು ಹಾರಾಡತೊಡಗಿದಳು, ಕ್ಷಣವೂ ತಡಮಾಡದೆ ಬೆಡ್‌ಶೀಟ್ ಎಳೆದೆ. ತಣ್ಣಗಾದಳು. ಕೆಂಚ ಸಿಗಲು ಮುಕ್ಕಾಲು ಗಂಟೆ ಬೇಕಾಯಿತು. "ಪರ್ವಾಗಿಲ್ವೇ ಸರ್, ನನ್ನ ಮೊದಲ್ನೇ ಬೆಕ್ಕಿಗೆ ಮೂರು ದಿನ ಹಿಡಿದಿತ್ತು" ಎಂದ ಅವನು. ನನಗೆ ಎರಡು ಕೊಂಬು ಬಂದ ಹಾಗಾಯಿತು.

ಎರಡನ್ನೂ ಡಾಕ್ಟರಮ್ಮನ ಬಳಿ ಬಿಟ್ಟು ಬಂದೆವು. ಇವತ್ತು ಉಪವಾಸ, ನಾಳೆ ಬೆಳಿಗ್ಗೆ ಆಪರೇಷನ್. ಹೆಂಡತಿ ಹಾಸಿಗೆಯಲ್ಲಿ ಎದ್ದು ಕೂತು ಕಾಯುತ್ತಿದ್ದಳು. ಒಂಬತ್ತು ನಿಮಿಷದ ಕಥೆ ಹೇಳಿದೆ. ಎಲ್ಲ ಕೇಳಿ,

"ಹೊಟ್ಟೆ ನೋಡಿದ್ರಾ?" ಎಂದಳು.

"ನೋಡಿದೆ" ಎಂದೆ.

ಕಪ್ಪು ಬೆಕ್ಕು, ಕಪ್ಪು ಹೊಟ್ಟೆ. ನೋಡಿದ್ದರೂ ಏನು ಕಾಣುತ್ತಿತ್ತು? ಅದೂ ಅಲ್ಲದೆ ಸಣ್ಣ ದೇಹದ ಬೆಕ್ಕು ಅದು, ಮರಿ ಹಾಕಿದ ಹಾಗೆ ಕಾಣುವುದೇ ಇಲ್ಲ.

ಫೆಬ್ರವರಿ ೧೮, ಬುಧವಾರ

ನಡೆದದ್ದನ್ನು ನಡೆದ ಹಾಗೇ ಬರೆದುಬಿಡುತ್ತೇನೆ.

ಒಂಬತ್ತು ಇಪ್ಪತ್ತಕ್ಕೆ ಡಾಕ್ಟರಮ್ಮನ ಫೋನ್. "ಸರ್, ಕಪ್ಪು ಬೆಕ್ಕಿಗೆ ಪ್ರಜ್ಞೆ ತಪ್ಪಿಸಿ ಹೊಟ್ಟೆಯ ಕೂದಲು ತೆಗೀತಿದ್ದೆ, ಹಾಲು ಬಂತು. ಎರಡು ವಾರದ ಮರಿಗಳಿರಬೇಕು. ನೀವು ನೋಡ್ಲಿಲ್ವಾ?" ನಾನು ಏನೋ ಗೊಣಗಿದೆ. "ಹೇಗೂ ಪ್ರಜ್ಞೆ ತಪ್ಪಿಸಿ ಆಗಿದೆ, ಆಪರೇಷನ್ ಮುಗಿಸಿಬಿಡ್ತೀನಿ. ಅದರಿಂದ ಹಾಲು ನಿಲ್ಲಲ್ಲ. ಆದ್ರೆ ಅವಳು ಎದ್ದು ನಡೆಯೋಕೆ ಮಧ್ಯಾಹ್ನ ಆಗುತ್ತೆ. ಅಷ್ಟರಲ್ಲಿ ಮರಿ ಹುಡುಕಿ."

ಯಾರ ಫೋನು ಎಂದು ಹೆಂಡತಿ ಒಳಗಿನಿಂದ ಕೇಳಿದಳು. ಡಿಪೋದಿಂದ, ಪೆನ್ಷನ್ ಕಾಗದದ ವಿಷಯ ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡೆ.

ಡಿಪೋದ ಹಿಂದೆ ಇಪ್ಪತ್ತೆರಡು ಗುಜರಿ ಬಸ್ಸುಗಳಿವೆ. ಒಂದೊಂದರ ಸೀಟಿನ ಕೆಳಗೆ, ಎಂಜಿನ್ ಪೆಟ್ಟಿಗೆಯೊಳಗೆ, ಸಾಮಾನಿಡುವ ಗೂಡಿನಲ್ಲಿ ಬಗ್ಗಿ ನೋಡಿದೆ. ತುಕ್ಕು ತಗುಲಿ ಮೊಣಕೈ ತರಚಿತು. ಮಿಯಾವ್ ಮಿಯಾವ್ ಎಂದು ನಾನೇ ಕೂಗಿದೆ. ಕಾವಲುಗಾರ ನೋಡಿದ, ಈ ಸಲ ನಗಲಿಲ್ಲ. ಹತ್ತು ಗಂಟೆಯಿಂದ ಒಂದೂವರೆಯವರೆಗೆ ಹುಡುಕಿದರೂ ಒಂದು ಸದ್ದೂ ಇಲ್ಲ.

ಮನೆಗೆ ಬಂದೆ. ಅವಳು ಗಾಲಿಕುರ್ಚಿಯಲ್ಲೇ ಅಡುಗೆಮನೆಗೆ ಹೋಗಿ ನನಗೆ ಊಟ ಬಡಿಸಿಟ್ಟಿದ್ದಳು. ಮಸಿ ಹೇಗಿದ್ದಾಳಂತೆ ಎಂದು ಕೇಳಿದಳು. ಚೆನ್ನಾಗಿದ್ದಾಳಂತೆ ಎಂದೆ. ತಟ್ಟೆ ಸರಿಸಿದೆ.

"ನಾನು ಹೊಟ್ಟೆ ನೋಡ್ಲಿಲ್ಲ ಕಣೇ" ಎಂದೆ. "ಮರಿಗಳಿವೆಯಂತೆ. ಬೆಳಿಗ್ಗೆಯಿಂದ ಹುಡುಕ್ತಿದ್ದೀನಿ, ಸಿಗ್ತಿಲ್ಲ. ತಪ್ಪಾಯ್ತು."

ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

"ಎಷ್ಟು ಹೊತ್ತಿಗೆ ಹಿಡಿದಿದ್ದು?"

"ಏಳು ಹನ್ನೆರಡಕ್ಕೆ." ಗಡಿಯಾರ ನೋಡಿದೆ. ಎರಡು ಗಂಟೆ. "ಮೂವತ್ತು ಗಂಟೆ ನಲವತ್ತೆಂಟು ನಿಮಿಷ ಆಯ್ತು."

"ಈಚೆಗೆ ಊಟಕ್ಕೆ ಹೇಗೆ ಬರ್ತಿದ್ಲು?"

"ದಿನಾ ತಡ. ಗಬಗಬ ತಿಂದು ಓಡ್ತಿದ್ಲು."

"ತಡವಾಗಿದ್ದು ಬರ್ಕೊಂಡ್ರಿ. ಯಾಕೆ ತಡ ಅಂತ ನನ್ನನ್ನಾದ್ರೂ ಒಂದು ಮಾತು ಕೇಳಬಾರ್ದಿತ್ತಾ?" ಎಂದವಳು ಆಗಲೇ ಫೋನ್ ಎತ್ತಿಕೊಂಡಿದ್ದಳು. ಡಾಕ್ಟರಮ್ಮನ ಜೊತೆ ಮಾತಾಡಿ ನನ್ನ ಕಡೆ ತಿರುಗಿದಳು. "ಎದ್ದು ನಿಂತಿದ್ದಾಳಂತೆ. ನಾಲ್ಕಕ್ಕೆ ಹೋಗಿ ಕರ್ಕೊಂಡು ಬನ್ನಿ. ಹಿಡಿದ ಜಾಗದಲ್ಲೇ ಬಿಡಿ. ಹಿಂದೆ ಹೋಗ್ಬೇಡಿ, ಕೂತ್ಬಿಡಿ. ನೀವಿದ್ದೀರಿ ಅನ್ನೋದು ಅವಳಿಗೆ ಮರೆತುಹೋಗ್ಬೇಕು. ಆಮೇಲೆ ತಾನೇ ಹೋಗ್ತಾಳೆ. ಒಂದು ಸದ್ದಿರಬಾರ್ದು ಅಲ್ಲಿ."

ಸದ್ದಿರಬಾರದು! ಆ ಹೊತ್ತಿಗೆ ಪಕ್ಕದ ವರ್ಕ್‌ಶಾಪಿನಲ್ಲಿ ತಗಡು ಕೊಯ್ಯುವ ಯಂತ್ರ ಕಿವಿ ಹರಿದುಹೋಗುವಂತೆ ಅರಚುತ್ತಿರುತ್ತದೆ. ವೆಲ್ಡರನ ಬಳಿ ಹೋದೆ. ನನ್ನ ಕಾಲದಲ್ಲಿ ಅತಿ ಹೆಚ್ಚು ಸಲ ತಡ ಎಂದು ಬರೆಸಿಕೊಂಡವನು ಅವನೇ. ಕನ್ನಡಕ ಹಣೆಗೇರಿಸಿ ನೋಡಿದ.

"ನನ್ನಿಂದ ಒಂದು ತಪ್ಪಾಗಿದೆ" ಎಂದು ವಿಷಯ ಹೇಳಿದೆ. "ಒಂದರ್ಧ ಗಂಟೆ ಯಂತ್ರ ನಿಲ್ಲಿಸ್ತೀಯಾ?"

ಅವನು ಸ್ವಿಚ್ ಆರಿಸಿ ಉಳಿದವರಿಗೆ ಕೂಗಿದ, "ಏಯ್, ಬನ್ರೋ, ಟೀ ಇವತ್ತು ಬೇಗ." ಹೊರಡುವಾಗ ನನ್ನ ಕಡೆ ನೋಡಿ, "ಬರ್ಕೊಳ್ಳಲ್ಲ ತಾನೇ ಸಾಹೇಬ್ರೇ?" ಎಂದ.

ಮಸಿಯನ್ನು ತಂದು ನಾಲ್ಕು ಇಪ್ಪತ್ತೈದಕ್ಕೆ ಬೋನಿನ ಬಾಗಿಲು ಎತ್ತಿದೆ. ಮಸಿ ಓಡಲಿಲ್ಲ. ಕಾಲು ಇನ್ನೂ ತೂರಾಡುತ್ತಿತ್ತು. ಬೋನಿನ ಪಕ್ಕದಲ್ಲೇ ಕೂತು ಹೊಲಿಗೆ ನೆಕ್ಕಿದಳು, ನನ್ನನ್ನು ನೋಡಿದಳು, ಮತ್ತೆ ನೆಕ್ಕಿದಳು. ನಾನು ನೆಲ ನೋಡುತ್ತಾ ಕೂತೆ. ಕೈಯಲ್ಲಿ ಗಡಿಯಾರವಿದ್ದೂ ನೋಡಲಿಲ್ಲ, ಕೈ ಎತ್ತಿದರೆ ಎಲ್ಲಿ ಬೆದರುತ್ತಾಳೋ ಎಂದು. ಮೈ ಮೇಲೆ ಇರುವೆ ಹತ್ತಿತು. ದೇವರೇ ಎಂದೆ, ಎಷ್ಟೋ ವರ್ಷದ ಮೇಲೆ.

ಯಾವಾಗ ಎದ್ದಳೋ ಗೊತ್ತಿಲ್ಲ. ತಲೆ ಎತ್ತಿದಾಗ ಅವಳ ಬಾಲ ಒಂಬತ್ತನೇ ಬಸ್ಸಿನ ಮುಂಬಾಗಿಲಲ್ಲಿ ಮರೆಯಾಗುತ್ತಿತ್ತು. ಆ ಬಸ್ಸನ್ನು ನಾನು ಎರಡು ಸಲ ಹುಡುಕಿದ್ದೆ. ಡ್ರೈವರ್ ಸೀಟಿನ ಸ್ಪಂಜು ಕೆಳಗಿನಿಂದ ಹರಿದು ಪೊಳ್ಳಾಗಿತ್ತು. ಅದರೊಳಗಿನಿಂದ ನೂಲಿನಷ್ಟು ತೆಳ್ಳಗೆ ಒಂದು ದನಿ ಕೇಳಿತು. ಆಮೇಲೆ ಇನ್ನೊಂದು.

ಮೂರು ಮರಿಗಳಿದ್ದವು. ಎರಡು ಬದುಕಿದ್ದವು. ಮೂರನೆಯದನ್ನು ಮಸಿ ನೆಕ್ಕುತ್ತಲೇ ಇದ್ದಳು, ಅದು ಕದಲಲಿಲ್ಲ. ಉಳಿದೆರಡು ಹಾಲಿಗೆ ಬಾಯಿ ಹಾಕಿದ ಮೇಲೆ ಮೆಲ್ಲಗೆ ಕೈ ಚಾಚಿ ತೆಗೆದುಕೊಂಡೆ. ನನ್ನ ಅಂಗೈ ತುಂಬುವಷ್ಟಿತ್ತು, ಅಷ್ಟೇ. ಟೀ ಮುಗಿಸಿ ಬಂದ ವೆಲ್ಡರ್ ತಾನಾಗಿಯೇ ಒಂದು ಕಬ್ಬಿಣದ ಪಟ್ಟಿ ತಂದು ಗೋಡೆಯ ಪಕ್ಕ ಗುಣಿ ತೋಡಿಕೊಟ್ಟ. ಇವತ್ತಿಗೆ ಯಂತ್ರ ಮತ್ತೆ ಶುರು ಮಾಡಲಿಲ್ಲ.

ಫೆಬ್ರವರಿ ೧೯, ಗುರುವಾರ

ನಿನ್ನೆಯೇ ಎಲ್ಲ ಹೇಳಿದೆ. ಅವಳು ಅತ್ತಳು. ನನಗೂ ಅಳು ಬಂತು, ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡೆ.

ಇವತ್ತು ಬೆಳಿಗ್ಗೆ ಟೀ ಕೊಡುವಾಗ ಅವಳು ಹೇಳಿದ್ದು: "ಹೊಟ್ಟೆ ನೋಡದೆ ಇದ್ದದ್ದು ತಪ್ಪಲ್ಲ. ಮೊದಲ್ನೇ ಸಲ, ಎಲ್ಲರಿಗೂ ಮರೆಯುತ್ತೆ. ನಾನೂ ಒಂದು ಸಲ ಮರೆತಿದ್ದೆ. ನೋಡ್ಲಿಲ್ಲ ಅಂತ ಮಂಗಳವಾರ ಒಂದು ಮಾತು ಹೇಳಿದ್ರೆ ಆಗ್ಲೇ ಡಾಕ್ಟರಮ್ಮನಿಗೆ ಫೋನ್ ಮಾಡಿ ನೋಡೋಕೆ ಹೇಳ್ತಿದ್ದೆ. ಆ ಸಂಜೇನೇ ಅವಳು ಮರಿಗಳ ಹತ್ರ ಇರ್ತಿದ್ಲು."



ಫೆಬ್ರವರಿ ೨೧, ಶನಿವಾರ

ಮಾತಿಲ್ಲ. ಬೇಕಾದ್ದಕ್ಕೆ ಕೈ ತೋರಿಸುತ್ತಾಳೆ. ಹನ್ನೆರಡು ಬೆಕ್ಕು ಬಂದವು. ಯಾರಿಗೆ ಹೇಳಲಿ, ಇಲ್ಲಿ ಬರೆದೆ.

ಫೆಬ್ರವರಿ ೨೫, ಬುಧವಾರ

ಮಸಿಯ ಬಟ್ಟಲನ್ನು ಒಂಬತ್ತನೇ ಬಸ್ಸಿನ ಮೆಟ್ಟಿಲ ಮೇಲೇ ಇಡುತ್ತಿದ್ದೇನೆ. ಈಗ ತಡವೆಂಬ ಮಾತಿಲ್ಲ. ಮರಿಗಳಲ್ಲಿ ಒಂದು ಬೂದು, ಒಂದು ಕಪ್ಪು. ನನ್ನನ್ನು ಕಂಡು ಬೂದು ಮರಿ ಉಸ್ ಎಂದಿತು. ಮೈಯಿಗಿಂತ ಸಿಟ್ಟೇ ದೊಡ್ಡದು.

ಮನೆಯಲ್ಲಿ ಬಟ್ಟಲು ತೊಳೆಯುತ್ತಿದ್ದಾಗ ಹಿಂದಿನಿಂದ ದನಿ ಬಂತು. "ಎಷ್ಟು ಬಂದವು?"

ಆರು ದಿನಕ್ಕೆ ಮೊದಲ ಮಾತು. ಎಲ್ಲ ಹೇಳಿದೆ. ದೊಡ್ಡಣ್ಣ ಎಡಗಾಲು ಸ್ವಲ್ಪ ಕುಂಟುತ್ತಾನೆ, ಮುಳ್ಳೋ ಏಟೋ ತಿಳಿಯಲಿಲ್ಲ. ಗುಮಾಸ್ತ ಅರ್ಧಕ್ಕೇ ಎದ್ದುಹೋದ, ಹೊಟ್ಟೆ ಸರಿಯಿಲ್ಲವೋ ಹೊರಗೆಲ್ಲೋ ತಿಂದಿದ್ದನೋ ಗೊತ್ತಿಲ್ಲ. ಗೋಡೆಯ ಮೇಲೆ ಹಾದುಹೋದದ್ದು ಅರೆಮೀಸೆಯೇ ಇರಬೇಕು, ಆಣೆ ಮಾಡಿ ಹೇಳಲಾರೆ. ಅವಳು ಮಧ್ಯೆ ಮಧ್ಯೆ ಪ್ರಶ್ನೆ ಕೇಳಿದಳು. ಟೀ ಆರಿಹೋಯಿತು, ಇನ್ನೊಮ್ಮೆ ಮಾಡಿದೆ.

ಮಾರ್ಚ್ ೧೬, ಸೋಮವಾರ

ಪ್ಲಾಸ್ಟರ್ ತೆಗೆದರು. ಕಾಲು ಸೌದೆಯ ಹಾಗೆ ಸಣ್ಣಗಾಗಿದೆ. ಕೋಲು ಹಿಡಿದು ನಡೆಯಬಹುದಂತೆ, ಬಗ್ಗುವಂತಿಲ್ಲ. ಇನ್ನು ನೀವು ಬೆಳಿಗ್ಗೆ ಮಲಗಬಹುದು ಎಂದಳು. ಅದೇನು ಆರೂವರೆಯವರೆಗೆ ಮಲಗುವುದು, ನಿದ್ದೆ ಎಲ್ಲಿ ಬರುತ್ತದೆ.

ಮಾರ್ಚ್ ೨೪, ಮಂಗಳವಾರ

ಇವತ್ತು ಪೊರಕೆಯ ಸರದಿ. ಡಾಕ್ಟರಮ್ಮ ಒಂದೇ ಒಂದು ಜಾಗ ಕೊಟ್ಟಿದ್ದರು. ಹೆಂಡತಿಯೂ ಬಂದಳು. ಕಾವಲುಗಾರ ತನ್ನ ಸ್ಟೂಲು ತಂದುಕೊಟ್ಟ, ಅವಳು ಮಹಾರಾಣಿಯ ಹಾಗೆ ಕೂತಳು. ಎಂಟು ಬೆಕ್ಕುಗಳು ಅವಳ ಕೋಲಿಗೇ ಮೈ ತಿಕ್ಕಿದವು. ಒಂದೂವರೆ ತಿಂಗಳು ಹಾಕಿದವನ ಕಡೆ ಒಂದೂ ತಿರುಗಿ ನೋಡಲಿಲ್ಲ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಪೊರಕೆ ಐವತ್ತು ನಿಮಿಷ ಸತಾಯಿಸಿ ಬೋನಿಗೆ ಬಿತ್ತು. ಔಷಧದಂಗಡಿಯವನು ಆಚೆ ರಸ್ತೆಯಲ್ಲಿ ಸ್ಕೂಟರ್ ತಿರುಗಿಸುತ್ತಿದ್ದ. ನಾನು ಬೋನಿನ ಒಂದು ಬದಿ ಎತ್ತಿದೆ, ಅದು ಎದ್ದು ನಿಂತಿತು. ನೆಲಕ್ಕೆ ಕೆನ್ನೆ ಊರಿ ನೋಡಿದೆ. ಬರೀ ಕೂದಲು. ಇನ್ನೊಂದು ಬದಿ ಎತ್ತಿದೆ. ಅಲ್ಲೂ ಕೂದಲು. ಅದು ಬಾಲವನ್ನು ಹೊಟ್ಟೆಯಡಿಗೆ ಸುತ್ತಿಕೊಂಡು ಮುದ್ದೆಯಾಗಿ ಕೂತುಬಿಟ್ಟಿತು.

"ನೋಡಿದ್ರಾ?" ಹೆಂಡತಿ ಸ್ಟೂಲಿನಿಂದ ಕೇಳಿದಳು.

"ನೋಡಿದೆ. ಕಾಣ್ಲಿಲ್ಲ."

"ಹೆಣ್ಣೋ ಗಂಡೋ?"

"ಅದೂ ಗೊತ್ತಾಗ್ಲಿಲ್ಲ. ಹೆಣ್ಣಾಗಿದ್ದು ಹಾಲಿದ್ರೆ?"

ಅವಳು ನನ್ನನ್ನೇ ನೋಡಿದಳು. "ನಿಮಗೇನನ್ಸುತ್ತೆ?"

ನಾನು ಬಾಗಿಲು ಎತ್ತಿಬಿಟ್ಟೆ. ಪೊರಕೆ ಬಿಟ್ಟ ಬಾಣವಾಯಿತು. ಅದೇ ಹೊತ್ತಿಗೆ ಔಷಧದಂಗಡಿಯವನು ಸ್ಕೂಟರ್ ತಳ್ಳಿಕೊಂಡು ಒಳಗೆ ಬಂದ. ಪೊರಕೆ ಅವನ ಮುಂದೆ ಗಕ್ಕನೆ ನಿಂತು, ಹಿಂದೆ ತಿರುಗಿ, ಬಾಲವನ್ನು ನೆಟ್ಟಗೆ ಎತ್ತಿ, ಸ್ಕೂಟರಿನ ಚಕ್ರಕ್ಕೆ ಚಿರ್ರೆಂದು ಉಚ್ಚೆ ಹಾರಿಸಿ ಹೋಯಿತು. ಬಾಲದ ಕೆಳಗೆ ಕಂಡದ್ದರಲ್ಲಿ ಅನುಮಾನಕ್ಕೆ ಎಡೆಯೇ ಇರಲಿಲ್ಲ.

"ಗಂಡು ಸರ್ ಅದು!" ಅವನು ತಲೆ ಮೇಲೆ ಕೈ ಇಟ್ಟುಕೊಂಡ. "ಗಂಡು ಬೆಕ್ಕಿನ ಹೊಟ್ಟೇಲಿ ಹಾಲು ಹುಡುಕಿದ್ರಾ? ಇನ್ನು ಮೂರು ವಾರ ಜಾಗ ಇಲ್ಲ ಅಂದಿದ್ದಾರೆ ಡಾಕ್ಟರಮ್ಮ!"

ಹೆಂಡತಿ ನಗಲು ಶುರು ಮಾಡಿದಳು. ಕೋಲು ಕೆಳಗೆ ಬಿತ್ತು. ಸ್ಟೂಲಿನಿಂದ ಎಲ್ಲಿ ಬೀಳುತ್ತಾಳೋ ಎಂದು ನಾನು ಓಡಿ ಭುಜ ಹಿಡಿದೆ. ನನ್ನ ತೋಳು ಹಿಡಿದುಕೊಂಡು ಕಣ್ಣೀರು ಬರುವಷ್ಟು ನಕ್ಕಳು.

"ಇರ್ಲಿ ಬಿಡಪ್ಪಾ" ಎಂದಳು ಅವನಿಗೆ, ಉಸಿರು ಸಿಕ್ಕಿದ ಮೇಲೆ. "ಕಾಣ್ಲಿಲ್ಲ, ಗೊತ್ತಾಗ್ಲಿಲ್ಲ ಅಂತ ಇವರ ಬಾಯಲ್ಲಿ ಕೇಳೋಕೆ ಮೂವತ್ತಾರು ವರ್ಷ ಕಾದಿದ್ದೀನಿ. ಬೆಕ್ಕಿಗೆ ಮೂರು ವಾರ ಕಾಯೋಕಾಗಲ್ವಾ?"

ಅವನೂ ನಕ್ಕ. ಕಾವಲುಗಾರನೂ ನಕ್ಕ. ಅದರಲ್ಲಿ ಅಷ್ಟು ನಗುವಂಥದ್ದು ಏನಿತ್ತೋ ನನಗೆ ತಿಳಿಯಲಿಲ್ಲ. ಕಾಣಲಿಲ್ಲ, ಆದ್ದರಿಂದ ಕಾಣಲಿಲ್ಲ ಎಂದೆ. ಖಾಲಿ ಬೋನು ಒಂದು ಕೈಯಲ್ಲಿ, ಅವಳು ಇನ್ನೊಂದು ಕೈಯಲ್ಲಿ, ಮನೆ ಸೇರಲು ಇಪ್ಪತ್ತು ನಿಮಿಷವೋ ಅರ್ಧ ಗಂಟೆಯೋ ಹಿಡಿಯಿತು. ಗಡಿಯಾರ ನೋಡಲಿಲ್ಲ.